ಬಿಸಿಲಿಗಿಟ್ಟ ಸೆಲ್ಲು

ಹೋದ ವಾರ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಕಾಲು ಜಾರಿ ಮೊಣಕೈ ತರಚಿಕೊಂಡೆ. ಪಕ್ಕದ ಗಲ್ಲಿಯ ಕ್ಲಿನಿಕ್ಕಿನಲ್ಲಿ ಹುಡುಗಿಯೊಬ್ಬಳು ಹತ್ತಿಯನ್ನು ಕಂದು ಬಣ್ಣದ ಔಷಧಿಯಲ್ಲಿ ಅದ್ದಿ ಗಾಯಕ್ಕೆ ಒತ್ತಿದಳು. ಅಯೋಡಿನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆರಳುಗಳು ತಾವಾಗಿಯೇ ಹೋಗಿ ಅವಳ ಮಣಿಕಟ್ಟನ್ನು ಹಿಡಿದುಬಿಟ್ಟವು. "ಯಾಕಮ್ಮ, ತಲೆ ಸುತ್ತು ಬರ್ತೈತಾ?" ಎಂದು ಅವಳು ಗಾಬರಿಯಾದಳು. ಇಲ್ಲಮ್ಮ ಅಂದೆ. ನಿನ್ನ ನಾಡಿ ಎಣಿಸುತ್ತಿದ್ದೇನೆ ಎಂದಿದ್ದರೆ ಈ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದಳು.

ಆ ವರ್ಷದ ಚಾಳಿ ಅದು. ಇಷ್ಟು ಕಾಲವಾದರೂ ಬಿಟ್ಟಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತು. ಗಣಿಗಳು ಇನ್ನೂ ನಡೆಯುತ್ತಿದ್ದವು, ಇವತ್ತು ಮುಚ್ಚುತ್ತಾರೆ ನಾಳೆ ಮುಚ್ಚುತ್ತಾರೆ ಎಂಬ ಮಾತೂ ನಡೆಯುತ್ತಿತ್ತು. ನಾನು ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಮನೆ ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ. ಬೆಳಿಗ್ಗೆ ಗಂಡ ಸೈಕಲ್ಲಿನಲ್ಲಿ ಬಂಗಾರಪೇಟೆಯ ಸ್ಟೇಷನ್ನಿಗೆ ಬಿಡುತ್ತಿದ್ದರು. ಅಲ್ಲಿಂದ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿಯುತ್ತಿದ್ದೆ. ಮನೆಯಲ್ಲಿ ಮೂವರೇ. ನಾನು, ಹೊಲ ನೋಡಿಕೊಳ್ಳುತ್ತಿದ್ದ ನನ್ನ ಗಂಡ ಸೀನಪ್ಪ, ಮತ್ತು ಅತ್ತೆ ಮುನಿವೆಂಕಟಮ್ಮ. ಅತ್ತೆಗೆ ಎರಡು ಸೀಮೆ ಹಸು. ಡೈರಿಯ ಸಾಲಿನಲ್ಲಿ ಅವರ ಕ್ಯಾನೇ ಮೊದಲು ನಿಲ್ಲಬೇಕು. ಬೇರೆ ಯಾರಾದರೂ ಮುಂದೆ ನಿಂತರೋ, ಆವತ್ತು ಇಡೀ ಊರಿಗೆ ಕೇಳುವಂತೆ ಜಗಳ. ಆ ಗಂಟಲಿಗೆ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬೆಚ್ಚಿಬೀಳುತ್ತಿದ್ದೆ.

ಆ ಸಾಲಿನಲ್ಲೇ ಆಷಾಢದ ಒಂದು ಬೆಳಿಗ್ಗೆ ಅತ್ತೆ ನಿಂತ ಹಾಗೆಯೇ ಕುಸಿದು ಬಿದ್ದರು. ಹಾಲೆಲ್ಲ ಮಣ್ಣುಪಾಲು. ಎದ್ದು ಕೂತವರು ಮೊದಲು ಹಾಲಿಗೆ ಅತ್ತರು. ಎರಡನೇ ಸಲ ಕೊಟ್ಟಿಗೆಯಲ್ಲಿ ಬಿದ್ದಾಗ ಹಣೆ ಒಡೆಯಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ದೊಡ್ಡಾಸ್ಪತ್ರೆಯ ಡಾಕ್ಟರು ಪಟ್ಟಿ ಪಟ್ಟಿ ಕಾಗದದ ಮೇಲೆ ಗೆರೆಗಳನ್ನು ನೋಡಿ, "ನಿಮ್ಮ ಅತ್ತೆಯ ಹೃದಯ ಗಟ್ಟಿಯಾಗಿಯೇ ಇದೆ. ಆದರೆ ಆಗಾಗ ಬಡಿಯೋದನ್ನ ಮರೆತುಬಿಡುತ್ತೆ" ಎಂದರು. ಮರೆತಾಗ ನೆನಪಿಸಲು ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ ಇಡಬೇಕು, ಅದರಿಂದ ಒಂದು ತಂತಿ ಗುಂಡಿಗೆಗೆ ಹೋಗುತ್ತದೆ ಎಂದರು. ಹೊಸ ಪೆಟ್ಟಿಗೆ ಬರುವುದು ತಡ. ಪರದೇಶದಲ್ಲಿ ಯಾರೋ ತೀರಿಕೊಂಡವರ ಎದೆಯಿಂದ ತೆಗೆದು, ಅವರ ಮನೆಯವರೇ ದಾನ ಮಾಡಿದ್ದು ಒಂದಿದೆ, ಶುದ್ಧ ಮಾಡಿ ಇಟ್ಟಿದ್ದೇವೆ, ಒಪ್ಪಿಗೆಯೇ ಎಂದು ಕೇಳಿದರು.

ನನ್ನ ಗಂಡನ ಮುಖ ಬಿಳುಚಿತು. ಅತ್ತೆ ಮಂಚದ ಮೇಲಿಂದಲೇ ಹೇಳಿದರು: "ಯಾಕ್ಲಾ ಸೀನ ಅಂಗ್ ನೋಡ್ತೀಯ? ಸತ್ತೋರ ಒಲ ಉಳ್ತಿಲ್ವಾ ನಾವು? ಸತ್ತೋರು ಕಟ್ಟಿದ್ ಮನ್ಯಾಗೆ ಇಲ್ವಾ? ಇಕ್ಕು ಅಂತ ಯೋಳು ಡಾಕ್ಟ್ರಿಗೆ."

ಇಟ್ಟರು. ಅತ್ತೆ ವಾರದಲ್ಲೇ ಎದ್ದು ಓಡಾಡಿದರು. ನನ್ನ ನೆಮ್ಮದಿ ಹೋದದ್ದು ಅಲ್ಲಿಂದ. ನಾನು ರಸಾಯನಶಾಸ್ತ್ರದವಳು ಎಂದು ಡಾಕ್ಟರಿಗೆ ಗೊತ್ತಾದದ್ದೇ ಎಡವಟ್ಟಾಯಿತು. ಪಾಪ, ಅವರು ಉತ್ಸಾಹದಿಂದ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯೊಳಗಿನ ಸೆಲ್ಲಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದರು.

ಆ ಸೆಲ್ಲಿನಲ್ಲಿ ನೀರಿಲ್ಲ, ಆಮ್ಲವಿಲ್ಲ, ಸೋರುವಂಥದ್ದು ಏನೂ ಇಲ್ಲ. ಒಂದು ಕಡೆ ಲಿಥಿಯಂ, ಚಾಕುವಿನಲ್ಲಿ ಕೊಯ್ಯಬಹುದಾದಷ್ಟು ಮೆತ್ತನೆಯ ಲೋಹ. ಇನ್ನೊಂದು ಕಡೆ ಅಯೋಡಿನ್ ಬೆರೆಸಿದ ಕಪ್ಪು ಮುದ್ದೆ. ಎರಡನ್ನೂ ಒಂದಕ್ಕೊಂದು ತಾಗಿಸಿ ಮುಚ್ಚಿಬಿಡುತ್ತಾರೆ. ತಾಗಿದ ಜಾಗದಲ್ಲಿ ಎರಡೂ ಕೂಡಿ ತೆಳ್ಳನೆಯ ಒಂದು ಗಟ್ಟಿ ಪದರ ತಾನಾಗಿಯೇ ಹುಟ್ಟುತ್ತದೆ. ಕಾಲೇಜಿನಲ್ಲಿ ನಾವು ಸೆಲ್ಲು ಮಾಡುವಾಗ ಎರಡು ಲೋಹಗಳ ನಡುವೆ ದ್ರಾವಣ ಸುರಿಯುತ್ತೇವೆ. ಇಲ್ಲಿ ಆ ಪದರವೇ ದ್ರಾವಣದ ಕೆಲಸವನ್ನು ಮಾಡುತ್ತದೆ. ಲಿಥಿಯಂ ಅಯಾನುಗಳನ್ನು ತನ್ನೊಳಗಿಂದ ದಾಟಲು ಬಿಡುತ್ತದೆ, ಎಲೆಕ್ಟ್ರಾನುಗಳನ್ನು ಮಾತ್ರ ಬಿಡುವುದಿಲ್ಲ. ಅವು ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಬರಬೇಕು. ಹಾಗೆ ಸುತ್ತಿಕೊಂಡು ಬರುವ ದಾರಿಯಲ್ಲೇ ಗುಂಡಿಗೆಯನ್ನು ತಟ್ಟುವ ಕೆಲಸ ನಡೆಯುತ್ತದೆ. ಪದರ ಎಲ್ಲಾದರೂ ಬಿರಿದರೆ ಅದೇ ಮತ್ತೆ ಕೂಡಿಕೊಳ್ಳುತ್ತದೆ.

ಡಾಕ್ಟರು ಅಲ್ಲಿಗೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ತಟ್ಟಿದ ಪ್ರತಿ ಸಲವೂ ಆ ಪದರ ಒಂದಿಷ್ಟು ದಪ್ಪವಾಗುತ್ತದಂತೆ. ದಪ್ಪವಾದಷ್ಟೂ ಅಯಾನುಗಳಿಗೆ ದಾಟುವುದು ಕಷ್ಟ. ಸೆಲ್ಲಿನ ಕಸುವು ಇಳಿಯುತ್ತದೆ. ಇಳಿದಾಗ ಪೆಟ್ಟಿಗೆ ತಟ್ಟುವ ವೇಗವನ್ನು ತಾನೇ ಕಡಿಮೆ ಮಾಡುತ್ತದೆ. ಅದೇ ಸೂಚನೆ. "ನಿಮಿಷಕ್ಕೆ ಎಪ್ಪತ್ತು ಇರಬೇಕು. ದಿನಾ ಬೆಳಿಗ್ಗೆ ನಾಡಿ ಹಿಡಿದು ಎಣಿಸಿ. ಒಂದು ದಿನ ಕಡಿಮೆ ಬಂತು ಅಂತ ಹೆದರಬೇಡಿ. ಇಳಿದದ್ದು ಇಳಿದ ಹಾಗೇ ಉಳಿದರೆ ತಡ ಮಾಡದೆ ಕರೆದುಕೊಂಡು ಬನ್ನಿ, ಬದಲಾಯಿಸ್ತೀವಿ" ಎಂದರು. ಇನ್ನೂ ಎಷ್ಟು ಕಾಲ ಬರುತ್ತದೆ ಎಂದು ಕೇಳಿದೆ. ಹೊಸದಾಗಿದ್ದರೆ ಹೇಳಬಹುದಿತ್ತು, ಹಿಂದಿನವರ ಎದೆಯಲ್ಲಿ ಪದರ ಎಷ್ಟು ಬೆಳೆದಿತ್ತೋ ಗೊತ್ತಿಲ್ಲವಲ್ಲ ಎಂದು ಕೈ ಚೆಲ್ಲಿದರು.

ಊರಿಗೆ ಬಂದ ಮೇಲೆ ಸುದ್ದಿ ಬೇರೆಯೇ ಆಯಿತು. ನಮ್ಮ ಕಡೆ ಬ್ಯಾಟ್ರಿ ಎಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. ನನ್ನ ಗಂಡ ಯಾರಿಗೋ "ಅಮ್ಮನ ಎದ್ಯಾಗೆ ಬ್ಯಾಟ್ರಿ ಇಕ್ಕವ್ರೆ" ಎಂದಿದ್ದೇ ಸಾಕಾಯಿತು; ರಾತ್ರಿ ಹೊತ್ತು ಮುನಿಯಕ್ಕನ ರವಿಕೆಯೊಳಗಿಂದ ಬೆಳಕು ಬರುತ್ತದಂತೆ ಎಂದು ಊರೆಲ್ಲ ಗುಲ್ಲು. ಪಕ್ಕದ ಮನೆಯ ಪಾಪಮ್ಮ ಬಂದು ಕೇಳಿಯೇ ಬಿಟ್ಟಳು. ಅತ್ತೆ ಸುಮ್ಮನಿರುವವರೇ? "ಊಂ ಕಣೇ, ಕತ್ಲಾಗೆ ಅಸೂನ ಉಡುಕಕ್ಕೆ ಬಲೇ ಅನುಕೂಲ ಆಗೈತೆ" ಎಂದರು. ಪಾಪಮ್ಮ ನಂಬಿಯೇ ಹೋದಳು.

ನನಗೆ ನಗು ಬರುತ್ತಿರಲಿಲ್ಲ. ಬೆಳಿಗ್ಗೆ ಅವರು ಏಳುವ ಮುಂಚೆ ಮಣಿಕಟ್ಟು ಹಿಡಿದು ಎಣಿಸುತ್ತಿದ್ದೆ. ಎಪ್ಪತ್ತು ಬಂದರೂ ಸಮಾಧಾನವಿಲ್ಲ, ತಪ್ಪಾಗಿ ಎಣಿಸಿದೆನೇನೋ ಎಂದು ಮತ್ತೊಮ್ಮೆ ಎಣಿಸುತ್ತಿದ್ದೆ. ರೈಲಿನಲ್ಲಿ ಕೂತರೆ ಚಕ್ರದ ಸದ್ದನ್ನು ಎಣಿಸುತ್ತಿದ್ದೆ. ಅಂಡು ಸುಟ್ಟ ಬೆಕ್ಕಿನ ಹಾಗೆ ಸ್ಟಾಫ್ ರೂಮಿನಲ್ಲಿ ಒಂದು ಕಡೆ ಕೂರುತ್ತಿರಲಿಲ್ಲ. ಕೆ.ಜಿ.ಎಫ್.ನಲ್ಲಿ ಆಗಾಗ ನೆಲದ ಆಳದಲ್ಲಿ ಬಂಡೆ ಸಿಡಿದು ಲ್ಯಾಬಿನ ಬಾಟಲಿಗಳೆಲ್ಲ ಕಣಕಣ ಅನ್ನುತ್ತಿದ್ದವು. ಅಲ್ಲಿಯವರು ತಲೆ ಎತ್ತಿ ಕೂಡ ನೋಡುತ್ತಿರಲಿಲ್ಲ. ನಾನು ಮಾತ್ರ ಸೀಮೆಸುಣ್ಣ ಕೆಳಗೆ ಹಾಕುತ್ತಿದ್ದೆ. ಎಲೆಕ್ಟ್ರೋಡು, ಎಲೆಕ್ಟ್ರೋಲೈಟು ಎಂದು ಬೋರ್ಡಿನ ಮೇಲೆ ಬರೆಯುವಾಗ ಎರಡರ ನಡುವಿನ ಗೆರೆಯ ಮೇಲೆ ಕೈ ನಿಂತುಬಿಡುತ್ತಿತ್ತು. ಇಷ್ಟು ವರ್ಷ ಆ ಗೆರೆಯನ್ನು ಸ್ಕೇಲು ಇಟ್ಟು ಎಳೆದಿದ್ದೆ, ಅಲ್ಲಿ ಏನು ನಡೆಯುತ್ತದೆ ಎಂದು ಹುಡುಗರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ನಮ್ಮ ಮನೆಯ ಜೀವವೆಲ್ಲ ಆ ಗೆರೆಯ ದಪ್ಪದಲ್ಲಿ ಬಂದು ಕೂತಿತ್ತು.

ಅತ್ತೆಗೆ ಹೇಳದೆ ಇರಲಾಗಲಿಲ್ಲ. ಹಾಲು ಕಾಯಿಸುವಾಗ ಹೇಳಿದೆ. ಹಾಲು ಗಾಳಿಗೆ ತಾಗುವ ಕಡೆ ಕೆನೆ ಕಟ್ಟುತ್ತದಲ್ಲ ಅತ್ತೆ, ಹಾಗೆ ನಿಮ್ಮ ಪೆಟ್ಟಿಗೆಯೊಳಗೂ ಒಂದು ಕೆನೆ ಕಟ್ಟುತ್ತದೆ, ಅದು ದಪ್ಪವಾಗುತ್ತಾ ಹೋಗುತ್ತದೆ ಎಂದೆ.

"ಅಂಗಾರೆ ಕೆನೆ ತೆಗ್ದು ಬುಡಾದು" ಎಂದರು.

"ತೆಗೆದರೆ ಮತ್ತೆ ಕಟ್ಟುತ್ತೆ. ಕೆನೆ ಇಲ್ಲದಿದ್ದರೆ ಸೆಲ್ಲೇ ಇಲ್ಲ."

"ಇದೊಳ್ಳೆ ಕತೆ ಆಯ್ತಲ್ಲ" ಎಂದು ಒಲೆಯ ಉರಿ ತಗ್ಗಿಸಿ, "ಸರೋಜ, ನೀನು ಅದುನ್ನ ನೆನೆಸ್ಕಂಡು ನೆನೆಸ್ಕಂಡು ಸೊರಗೋಯ್ತಿದ್ದೀಯ. ಪೆಟ್ಟಿಗೆ ಇರಾದು ನನ್ ಎದ್ಯಾಗಾ, ನಿನ್ ಎದ್ಯಾಗಾ?" ಎಂದರು. ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರೊಬ್ಬರು ಈ ಪದರದ ವಿಷಯ ಕೇಳಿ, ಅತ್ತೆ ಸೊಸೆ ಸಂಬಂಧವೂ ಹಾಗೇ ಅಲ್ಲವೇ ಎಂದು ಕಣ್ಣು ಮುಚ್ಚಿಕೊಂಡು ತಲೆದೂಗಿದ್ದರು. ನನಗೆ ಮೈಯೆಲ್ಲ ಉರಿದಿತ್ತು. ಅವರ ಅತ್ತೆಯ ಎದೆಯಲ್ಲಿ ಇಟ್ಟಿದ್ದರೆ ಗೊತ್ತಾಗುತ್ತಿತ್ತು.

ಪಿತೃಪಕ್ಷ ಬಂತು. ಮಾವನವರಿಗೆ, ಅವರ ಅಪ್ಪ ಅಮ್ಮನಿಗೆ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಆ ಸಲ ಅತ್ತೆ ಒಂದು ಎಲೆ ಜಾಸ್ತಿ ಹಾಕಿದರು. ಯಾರಿಗೆ ಎಂದರೆ, "ಪೆಟ್ಟಿಗೆ ಕೊಟ್ಟೋರ್ಗೆ" ಎಂದರು. ಗಂಡಸೋ ಹೆಂಗಸೋ, ಹೆಸರೇನೋ, ಏನು ಜಾತಿಯೋ ಎಂದು ನನ್ನ ಗಂಡ ಗೊಣಗಿದರು. "ನನ್ ಗುಂಡಿಗೆ ತಟ್ತಾ ಕುಂತವ್ರೆ, ಅವ್ರ್ಗೆ ಒಂದ್ ತುತ್ತು ಇಕ್ಬಾರ್ದೇನ್ಲಾ?" ಎಂದು ಅವರನ್ನು ಬೈದು, ನನ್ನ ಕಡೆ ತಿರುಗಿ ಆ ಪರದೇಶದ ದೊರೆಗಳು ಏನು ತಿನ್ನುತ್ತಾರೆ ಎಂದು ಕೇಳಿದರು. ನಾನು ರಾಬರ್ಟ್‌ಸನ್‌ಪೇಟೆಯ ಬೇಕರಿಯಿಂದ ಪ್ಲಮ್ ಕೇಕು, ಬನ್ನು ತಂದೆ. ಮುದ್ದೆ, ಕೋಳಿ ಸಾರು, ವಡೆಯ ಪಕ್ಕದಲ್ಲಿ ಕೇಕು ಇಟ್ಟು ಅತ್ತೆ ಕೈ ಮುಗಿದರು. ನಾನೂ ಮುಗಿದೆ. ಆ ಕಾಣದ ಮನುಷ್ಯನ ಮೇಲೆ ನನಗೆ ಆವತ್ತು ನಿಜವಾಗಿಯೂ ಪ್ರೀತಿ ಬಂತು, ಜೊತೆಗೆ, ಸೆಲ್ಲನ್ನು ನೀವು ಎಷ್ಟು ಖರ್ಚು ಮಾಡಿ ಹೋದಿರಿ ಎಂದು ಕೇಳಬೇಕೆನ್ನಿಸಿತು.

ದೀಪಾವಳಿಯ ಹಿಂದುಮುಂದಿನಲ್ಲಿ ನನ್ನ ನಾದಿನಿ ಭಾಗ್ಯ ಮೊದಲ ಬಾಣಂತನಕ್ಕೆ ತವರಿಗೆ ಬಂದಳು. ಮಾಲೂರಿನಲ್ಲಿ ಸೀಮಂತ ಮುಗಿಸಿ ಅವಳ ಗಂಡನೇ ಬಿಟ್ಟುಹೋದ. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗುವಿಗೆ ಮೊದಲ ನೀರು ಹಾಕುವುದು ತಾವೇ, ಕಾಲು ಚಾಚಿ ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದು ತಾವೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಆ ವಾರದಲ್ಲೇ ಒಂದು ಬೆಳಿಗ್ಗೆ ನನ್ನ ಎಣಿಕೆ ತಪ್ಪಿತು. ಎಪ್ಪತ್ತಕ್ಕೆ ಮುಟ್ಟಲಿಲ್ಲ. ಮತ್ತೆ ಎಣಿಸಿದೆ, ಮುಟ್ಟಲಿಲ್ಲ. ಒಂದು ದಿನಕ್ಕೆ ಹೆದರಬೇಡಿ ಎಂದಿದ್ದರಲ್ಲ, ಸುಮ್ಮನಾದೆ. ಅತ್ತೆಗೂ ಹೇಳಲಿಲ್ಲ.

ಮಾರನೆಯ ದಿನದಿಂದ ಅತ್ತೆ ಹಾಸಿಗೆಯಲ್ಲಿ ಸಿಗಲಿಲ್ಲ. "ಮದ್ಲು ಆಲು ಕರ್ಕಂಡು ಡೈರಿಗೆ ಆಕ್ಬತ್ತೀನಿ, ಆಮ್ಯಾಕೆ ಎಣಿಸ್ಕೋ, ಓಡೋಗ್ತೀನಾ ನಾನು?" ಎಂದರು. ಬಸುರಿ ಮಗಳಿರುವ ಮನೆ, ಕೆಲಸ ಜಾಸ್ತಿ, ಇರಲಿ ಎಂದೆ. ನಾನು ರೈಲಿಗೆ ಹೊರಡುವ ಹೊತ್ತಿಗೆ ಬಂದು ಕೈ ಚಾಚುತ್ತಿದ್ದರು. ಎಣಿಕೆ ಎಪ್ಪತ್ತು ದಾಟುತ್ತಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು.

ಆಮೇಲೆ ಜಡಿಮಳೆ ಹಿಡಿಯಿತು. ಮದರಾಸಿನ ಕಡೆ ಎಲ್ಲೋ ಚಂಡಮಾರುತವೆಂದು ರೇಡಿಯೋದಲ್ಲಿ ಹೇಳಿದರು. ನಮ್ಮಲ್ಲಿ ಸೂರ್ಯನ ಮುಖ ಕಾಣದ ಒಂದು ವಾರ. ಕುಯ್ದ ರಾಗಿ ಹೊಲದಲ್ಲೇ ನೆನೆಯಿತು. ಆ ವಾರವೆಲ್ಲ ಅತ್ತೆಯ ನಾಡಿ ಎಪ್ಪತ್ತರ ಕೆಳಗೇ ಇತ್ತು. ಬೆಂಗಳೂರಿಗೆ ಹೋಗೋಣ ಎಂದು ಬಟ್ಟೆ ಮಡಿಸಿಟ್ಟೆ. ಅಷ್ಟರಲ್ಲಿ ಬಿಸಿಲು ಬಂತು, ಮತ್ತೆ ಎಪ್ಪತ್ತೈದು. ಮೋಡ ಮುಚ್ಚಿದರೆ ಇಳಿಯುವುದು, ಬಿಸಿಲು ಬಿದ್ದರೆ ಏರುವುದು. ಎದೆಯೊಳಗೆ ಮುಚ್ಚಿಟ್ಟ ಸೆಲ್ಲಿಗೂ ಹೊರಗಿನ ಹವೆಗೂ ಏನು ಸಂಬಂಧ? ನಾನು ಓದಿದ ಯಾವ ಪುಸ್ತಕದಲ್ಲೂ ಇಂಥದ್ದು ಇರಲಿಲ್ಲ. ನನ್ನ ಗಂಡನನ್ನು ಕೇಳಿದರೆ, "ನೀನೇ ತಾನೆ ಓದಿರೋಳು" ಎಂದರು.

ಗುಟ್ಟು ಬಯಲಾದದ್ದು ಕಾಲೇಜಿಗೆ ರಜೆ ಇದ್ದ ಒಂದು ದಿನ. ಅವರೆಕಾಯಿ ಸುಲಿಯುತ್ತಾ ಜಗುಲಿಯಲ್ಲಿ ಕೂತಿದ್ದೆ. ಅತ್ತೆ ಕಾಣಿಸಲಿಲ್ಲ. ಹುಡುಕಿಕೊಂಡು ಹಿತ್ತಲಿಗೆ ಹೋದರೆ, ಪೂರ್ವಕ್ಕೆ ಮುಖ ಮಾಡಿ ಕಲ್ಲು ಚಪ್ಪಡಿಗೆ ಒರಗಿ ಕೂತಿದ್ದಾರೆ. ಸೆರಗು ಪಕ್ಕಕ್ಕೆ ಸರಿಸಿದ್ದಾರೆ, ರವಿಕೆಯ ಮೇಲಿನ ಎರಡು ಗುಂಡಿ ಬಿಚ್ಚಿ ಎಡಗಡೆ ಪೆಟ್ಟಿಗೆಯ ಉಬ್ಬನ್ನು ಬಿಸಿಲಿಗೆ ಒಡ್ಡಿದ್ದಾರೆ. ಪಕ್ಕದ ಚಪ್ಪಡಿಯ ಮೇಲೆ ಟಾರ್ಚಿನ ಮೂರು ಸೆಲ್ಲುಗಳು ಸಾಲಾಗಿ ಮಲಗಿದ್ದವು.

ಹೇಳಬೇಕಾದ್ದೇ ಇಲ್ಲ. ನಮ್ಮ ಕಡೆ ಯಾರ ಮನೆಯಲ್ಲೂ ಸೆಲ್ಲು ಮಂಕಾಯಿತೆಂದು ಎಸೆಯುವುದಿಲ್ಲ, ಬಿಸಿಲಿಗಿಟ್ಟು ಮತ್ತೆರಡು ದಿನ ಉರಿಸುತ್ತಾರೆ. ಟಾರ್ಚಿನ ಸೆಲ್ಲು ಬೆಚ್ಚಗಾದರೆ ಒಳಗಿನ ಒದ್ದೆ ಪದಾರ್ಥ ಒಂದಿಷ್ಟು ಚುರುಕಾಗುತ್ತದೆ, ಅಷ್ಟು ಮಟ್ಟಿಗೆ ಅದು ನಿಜ.

"ಯಾವಾಗಿನಿಂದ ಅತ್ತೆ ಇದು?"

"ನಿನ್ ಮಕ ಸಣ್ಗಾದ್ ದಿನದಿಂದ. ಕೈ ಇಡ್ಕಂಡು ಎಣಿಸ್ದೆ, ಮಕ ಇಷ್ಟು ಮಾಡ್ಕಂಡೆ. ನಂಗ್ ಗೊತ್ತಾಗಲ್ವಾ? ಸೆಲ್ಲು ಇಳೀತು ಅಂತ ತಿಳ್ಕಂಡೆ. ಬಿಸ್ಲಿಗೆ ಕುಂತ್ಕತೀನಿ, ಏರ್ತೈತೆ. ನೀನೇ ಎಣಿಸಿದ್ದೀಯಲ್ಲ!"

ನನ್ನ ಎಣಿಕೆಯೇ ಅವರ ಸಾಕ್ಷಿ. ಮೈಯೊಳಗಿನ ಶಾಖ ಬಿಸಿಲಿದ್ದರೂ ಒಂದೇ, ಮಳೆಯಿದ್ದರೂ ಒಂದೇ, ಸೂರ್ಯ ಅಲ್ಲಿಗೆ ಮುಟ್ಟುವುದಿಲ್ಲ ಎಂದೆ. ಕಟ್ಟಿದ ಕೆನೆ ಬಿಸಿಲಿಗೆ ಕರಗುವುದಿಲ್ಲ ಎಂದೆ. "ಅದುನ್ನೆಲ್ಲ ನಿಮ್ ಕಾಲೇಜ್ನಾಗೆ ಯೋಳು ಓಗು" ಎಂದು ಮುಖವನ್ನು ಇನ್ನಷ್ಟು ಬಿಸಿಲಿಗೆ ಎತ್ತಿದರು. ಒಂದು ಕ್ಷಣ ನನಗೂ ಅನುಮಾನ ಬಂತು, ಅವರದೇ ಸರಿಯಿದ್ದರೆ ಎಷ್ಟು ಚೆನ್ನ ಎಂದು ಆಸೆಯೂ ಆಯಿತು.

ಮಾರನೆಯ ದಿನ ರೈಲಿನಲ್ಲಿ ಹೊಳೆಯಿತು. ಪೆಟ್ಟಿಗೆ ತಟ್ಟುವುದು ಗುಂಡಿಗೆ ಮರೆತಾಗ ಮಾತ್ರ. ಗುಂಡಿಗೆ ತಾನೇ ಬಡಿಯುತ್ತಿದ್ದರೆ ಅದು ಸುಮ್ಮನೆ ಕಾದು ಕೂರುತ್ತದೆ. ಡೈರಿಗೆ ಹೋಗಿ ಬಂದು ಬಿಸಿಲಿಗೆ ಮೈ ಕಾಯಿಸಿಕೊಂಡಾಗ ಅತ್ತೆಯ ಸ್ವಂತ ಗುಂಡಿಗೆಯೇ ಚುರುಕಾಗಿ ಓಡುತ್ತಿತ್ತು. ನಾನು ಇಷ್ಟು ದಿನ ಸಂತೋಷಪಟ್ಟು ಎಣಿಸಿದ್ದು ಅದನ್ನು. ಹಾಗಾದರೆ ಪೆಟ್ಟಿಗೆಯ ಗತಿ ಏನಾಗಿದೆ? ಊರಿಗಾಂನಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿ, ಗಣಿಯ ಮಣ್ಣುಗುಡ್ಡದಿಂದ ಎದ್ದ ಬಿಳಿ ಧೂಳಿನಲ್ಲಿ ನಡೆದುಕೊಂಡು ವಾಪಸು ಬಂದೆ.

ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಸೆಲ್ವಿ ಟೀಚರು ಊರಿಗಾಂನ ಗಣಿ ಕಾರ್ಮಿಕರ ಲೈನುಗಳಲ್ಲಿ ಹುಟ್ಟಿ ಬೆಳೆದವಳು. ನನ್ನ ಅವತಾರ ನೋಡಿ "ಎನ್ನಾಚ್ಚು ಸರೋಜಾ?" ಎಂದು ಏನಾಯಿತೆಂಬುದನ್ನು ತಮಿಳಿನಲ್ಲೇ ಕೇಳಿ ಕೂರಿಸಿದಳು. ಎಲ್ಲ ಹೇಳಿದೆ. ಅವಳು "ಮನೇಲಿ ಟ್ರಾನ್ಸಿಸ್ಟರ್ ಇದೆಯಾ?" ಎಂದಳು. ಮನೆಯಲ್ಲಿ ಸ್ವಿಚ್ ಹಾಕಿದರೆ ರೇಡಿಯೋ ಟಕ್ ಅನ್ನುವುದಿಲ್ಲವೇ, ಪೆಟ್ಟಿಗೆ ತಟ್ಟಿದಾಗಲೂ ಹಾಗೇ ಅನ್ನಬೇಕು. ಯಾವ ಸ್ಟೇಷನ್ನೂ ಇಲ್ಲದ ಕಡೆಗೆ ಮುಳ್ಳು ತಿರುಗಿಸಿ ಎದೆಯ ಹತ್ತಿರ ಹಿಡಿದು ನೋಡು ಎಂದಳು.

ಹಿಡಿದು ನೋಡಿದೆ. ಮೊದಲು ಹಿತ್ತಲ ಬಿಸಿಲಿನಲ್ಲಿ. ನಾಡಿ ಎಪ್ಪತ್ತು ದಾಟಿ ಓಡುತ್ತಿತ್ತು, ರೇಡಿಯೋದಲ್ಲಿ ಬರೀ ಗರಗರ. "ಏನೂ ಕೇಳಾಕಿಲ್ವಲ್ಲೇ" ಎಂದು ಅತ್ತೆ ನಕ್ಕರು. ಅದೇ ಅತ್ತೆ, ಪೆಟ್ಟಿಗೆ ಈಗ ಕೆಲಸ ಮಾಡುತ್ತಿಲ್ಲ, ಇದು ನಿಮ್ಮದೇ ಗುಂಡಿಗೆ ಎಂದೆ. ನಗು ಅರ್ಧಕ್ಕೆ ನಿಂತಿತು.

ಮಾರನೆಯ ಬೆಳಿಗ್ಗೆ ಅವರು ಹಾಸಿಗೆಯಿಂದ ಏಳದಂತೆ ತಡೆದು, ಮತ್ತೆ ಹಿಡಿದೆ. ಟಕ್ ಅಂದಿತು. ನಾನು ಮುಂದಿನದಕ್ಕೆ ಕಾದೆ. ಬಹಳ ಹೊತ್ತು ಕಾದ ಹಾಗೆ ಅನ್ನಿಸಿತು. ಟಕ್. ನನ್ನ ಬೆರಳ ಕೆಳಗಿನ ನಾಡಿ ಪ್ರತಿ ಟಕ್ಕಿನ ಹಿಂದೆಯೇ ಬರುತ್ತಿತ್ತು, ಒಂದೂ ತಪ್ಪದೆ. ಅಷ್ಟನ್ನೂ ಪೆಟ್ಟಿಗೆಯೇ ಮಾಡುತ್ತಿತ್ತು. ಗಡಿಯಾರ ನೋಡಿ ಎಣಿಸಿದೆ. ಎಪ್ಪತ್ತರಿಂದ ಬಹಳ ಕೆಳಗೆ ಇಳಿದಿತ್ತು, ಡಾಕ್ಟರು ಹೇಳಿದ ಹಾಗೆ ಇಳಿದದ್ದು ಇಳಿದ ಹಾಗೇ ಉಳಿದಿತ್ತು. ಅತ್ತೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಕೇಳುತ್ತಿದ್ದರು.

"ಇಷ್ಟ್ ನಿದಾನವಾ?" ಎಂದರು.

ಇವತ್ತೇ ಹೊರಡೋಣ ಎಂದೆ. ಅವರು ಎದ್ದು ಕೂತರು. "ಓಗಲ್ಲ. ಭಾಗ್ಯಂಗೆ ದಿನ ತುಂಬೈತೆ. ಮಗೂನ ನೋಡ್ಕಂಡು, ಅದಕ್ಕೆ ನೀರು ಆಕಿ, ಆಮ್ಯಾಕೆ ಬತ್ತೀನಿ. ಅಲ್ಲೀಗಂಟ ಬಿಸ್ಲೈತೆ." ನನ್ನ ಗಂಡ ಬಾಗಿಲಲ್ಲಿ ನಿಂತು ತಾಯಿಯ ಮುಖ ನೋಡುತ್ತಾ, ನನ್ನ ಮುಖ ನೋಡುತ್ತಾ, ಕೊನೆಗೆ "ನಾಕ್ ದಿನ ನೋಡಾಣ" ಎಂದರು. ನನಗೆ ಸಿಟ್ಟು ಬಂತು. ಅತ್ತೆಯ ಆಸೆ ನನಗೆ ಅರ್ಥವಾಗುತ್ತಿರಲಿಲ್ಲವೆಂದಲ್ಲ. ಆದರೆ ಆ ಪದರಕ್ಕೆ ಯಾರ ಆಸೆಯೂ ಅರ್ಥವಾಗುವುದಿಲ್ಲವಲ್ಲ.

ಅಷ್ಟು ಹೊತ್ತಿಗೆ ಭಾಗ್ಯ ಒಳಗಿನ ಕೋಣೆಯಿಂದ ಹೊಟ್ಟೆ ಹಿಡಿದುಕೊಂಡು ಬಂದು ನಿಂತಿದ್ದಳು. ರೇಡಿಯೋದ ಸದ್ದನ್ನು ಅವಳೂ ಕೇಳಿದ್ದಳು. "ಅಮ್ಮ, ನೀನು ಇವತ್ತು ಓಗ್ಲಿಲ್ಲ ಅಂದ್ರೆ ನಾನು ಮಾಲೂರಿಗೆ ಒಂಟೋಗ್ತೀನಿ. ಅಲ್ಲೇ ಎರ್ತೀನಿ. ನಿನ್ ಕೈಗೆ ಮಗೂನ ಕೊಡಾಕೂ ಇಲ್ಲ" ಎಂದಳು.

"ತವರಾಗೆ ಎರ್ಬೇಕು ಕಣೇ ಮೊದಲ್ನೇದು! ಊರೋರು ಏನಂತಾರೆ?"

"ತಾಯಿ ಇದ್ರೆ ತಾನೆ ತವರು?"

ಅತ್ತೆ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಇದನ್ನೆಲ್ಲ ಹೂಡಿದವಳು ನೀನೇ ಎಂಬಂತೆ. ಎದ್ದು ಸೀರೆ ಬದಲಾಯಿಸಿದರು. ಹಸುಗಳ ಬಳಿ ಹೋಗಿ ಏನೋ ಹೇಳಿ ಬಂದರು. ಪಾಪಮ್ಮನನ್ನು ಕರೆದು ಮಗಳ ಕೈಯನ್ನು ಅವಳ ಕೈಯಲ್ಲಿಟ್ಟರು. ಬಂಗಾರಪೇಟೆಯಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ನನ್ನ ಜೊತೆ ಒಂದೇ ಒಂದು ಮಾತಾಡಲಿಲ್ಲ. ನಾನು ಅವರ ಕೈ ಬಿಡಲಿಲ್ಲ.

ಈ ಸಲ ಹೊಸ ಪೆಟ್ಟಿಗೆಯೇ ಸಿಕ್ಕಿತು. ಹಳೆಯದನ್ನು ತಂತಿಯಿಂದ ಬಿಡಿಸಿ ಹೊಸದನ್ನು ಜೋಡಿಸುವ ನಡುವೆ ಸ್ವಲ್ಪ ಹೊತ್ತು ಎರಡೂ ಇರುವುದಿಲ್ಲ, ಅದಕ್ಕೆ ಏರ್ಪಾಡು ಇದೆ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯ ಓಣಿಯಲ್ಲಿ ನಾನು ಆ ಸ್ವಲ್ಪ ಹೊತ್ತನ್ನೇ ನೆನೆಸಿಕೊಂಡು ಆ ಕಡೆಯಿಂದ ಈ ಕಡೆಗೆ ನಡೆದೆ. ಎಲ್ಲ ಕಡೆ ಟಿಂಚರ್ ಅಯೋಡಿನ್ನಿನ ವಾಸನೆ. ಕೂತರೆ ಎದ್ದುಬಿಡುವುದು, ಎದ್ದರೆ ಕೂರಬೇಕೆನ್ನಿಸುವುದು. ನನ್ನ ಗಂಡ ಗೋಡೆಗೆ ತಲೆಯಾನಿಸಿ ಅಳುತ್ತಿದ್ದರು. ಕೊನೆಗೆ ಡಾಕ್ಟರು ಹೊರಗೆ ಬಂದು ತಲೆಯಾಡಿಸಿ ನಕ್ಕರು. "ಸರಿಯಾದ ಸಮಯಕ್ಕೆ ಬಂದಿರಿ. ಇನ್ನು ಹೆಚ್ಚು ದಿನ ಇರಲಿಲ್ಲ ಅದು" ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಮಾರನೆಯ ಮಧ್ಯಾಹ್ನ ಭಾಗ್ಯಳ ಗಂಡ ಬೆಂಗಳೂರಿಗೆ ಓಡಿ ಬಂದ. ಹೆಣ್ಣುಮಗು, ಬಂಗಾರಪೇಟೆಯ ಆಸ್ಪತ್ರೆಯಲ್ಲಿ, ತಾಯಿ ಮಗು ಚೆನ್ನಾಗಿದ್ದಾರೆ. ಅತ್ತೆ ಎಲ್ಲ ಕೇಳಿಸಿಕೊಂಡು, "ನೀರು ಯಾರು ಆಕಿದ್ರು?" ಎಂದರು. ಪಾಪಮ್ಮ ಎಂದ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಮನೆಗೆ ಬಂದ ಮೇಲೂ ಅವರಿಗೆ ಮಗುವಿನ ನೀರು ದಕ್ಕಲಿಲ್ಲ. ಗಾಯ ಮಾಯುವವರೆಗೆ ಎಡಗೈ ಎತ್ತಕೂಡದು, ಭಾರ ಹೊರಕೂಡದು. ಬಚ್ಚಲ ಬಾಗಿಲಲ್ಲಿ ಕೂತು ಪಾಪಮ್ಮನ ಕೈಕೆಲಸದಲ್ಲಿ ಹುಳುಕು ಹುಡುಕುತ್ತಿದ್ದರು. ನನ್ನ ಜೊತೆ ಮಾತಿಲ್ಲ. ಬೆಳಿಗ್ಗೆ ನಾಡಿಗೆ ಕೈ ಕೊಡುತ್ತಿದ್ದರು, ಮುಖ ಕೊಡುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಒಬ್ಬಳೇ ಅತ್ತದ್ದೂ ಉಂಟು. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಆದರೆ ಆ ಮೌನ ತಡೆಯಲಾಗುತ್ತಿರಲಿಲ್ಲ.

ನಾಮಕರಣದ ದಿನ ಮನೆ ತುಂಬ ಜನ. ಮಾಲೂರಿನವರೆಲ್ಲ ಬಂದಿದ್ದರು. ಬೀಗಿತ್ತಿ ಮಾತಿನ ನಡುವೆ, ಮಗು ಮೈಕೈ ತುಂಬಿಕೊಂಡಿದೆ, ಮೊದಲ ನೀರು ಹಾಕಿದ್ದು ಯಾರು, ಅಜ್ಜಿಯ ಕೈಗುಣವೇ ಎಂದು ಕೇಳಿದರು. ಅತ್ತೆ ಎದ್ದು ನಿಂತರು.

"ನಾನಾ? ನನ್ ಕೈಗೆ ಎಲ್ಲಿ ಕೊಟ್ರು? ಇಗಾ, ಇವ್ಳು ಇದ್ದಾಳಲ್ಲ, ನನ್ ಸೊಸೆ, ಎಮ್ಮೆ ಕರು ಎಳ್ಕಂಡೋದಂಗೆ ಎಳ್ಕಂಡೋಗಿ ಬೆಂಗ್ಳೂರ್ನಾಗೆ ಮಲಗಿಸ್ಬುಟ್ಳು! ನನ್ ಮಗಳ ಎರಿಗೇನಾಗೆ ನಾನಿಲ್ಲ! ಮದ್ಲ್ ನೀರು ಊರೋರ ಕೈಲಿ! ಸಾಯಗಂಟ ಮರೆಯಲ್ಲ ಕಣೇ ಸರೋಜ, ಸಾಯಗಂಟ ಮರೆಯಲ್ಲ!"

ತೊಟ್ಟಿಲ ಹಗ್ಗ ಹಿಡಿದಿದ್ದ ಹೆಂಗಸರು ತಲೆ ತಗ್ಗಿಸಿದರು. ನನ್ನ ಗಂಡ ನನ್ನ ಕಡೆ ನೋಡಲಾರದೆ ಹೊರಗೆ ಹೋದರು. ನನಗೆ ಮೊದಲು ಅವಮಾನವಾಯಿತು, ಕಿವಿ ಬಿಸಿಯಾದವು. ಅತ್ತೆಯ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು, ಗಂಟಲು ಡೈರಿಯವರೆಗೂ ಕೇಳಿಸುವಂತಿತ್ತು. ಇಷ್ಟು ತಿಂಗಳು ನಾನು ಬೆಳಗಾದರೆ ಹೆದರಿದ್ದು ಈ ಗಂಟಲು ನಿಂತುಹೋದೀತೆಂದೇ. ಅದು ಈಗ ನನ್ನ ಮೇಲೆಯೇ ಹರಿಹಾಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅವಮಾನಕ್ಕೆ ಬಂದ ನೀರು ಎಂದು ಮಾಲೂರಿನವರು ಅಂದುಕೊಂಡಿರಬೇಕು.

"ಬೈಯಿರಿ ಅತ್ತೆ" ಎಂದೆ. "ಇನ್ನೂ ಬೈಯಿರಿ."

ಅವರು ಬೈದರು.